ಮರದ ಸೆಲ್ಯುಲೋಸ್ ಕ್ರಿಸ್ಟಲಿನಿಟಿ ಅಳೆಯುವ ಮುಂಚೆ: ಪುಡಿ, ನಾರಿನ ದಿಕ್ಕು, ಹೋಲ್ಡರ್

ಒಂದೇ ಸಾಗುವಾನಿ ತುಂಡು, ಒಂದೇ ಎಕ್ಸ್‌ಆರ್‌ಡಿ ಯಂತ್ರ (ಎಕ್ಸ್‌ರೇ ಬಿಟ್ಟು ಹರಳಿನ ಜೋಡಣೆ ನೋಡುವ ಯಂತ್ರ), ಒಂದೇ ಸೂತ್ರ. ಆದರೂ ತುಂಡನ್ನು ಉದ್ದಕ್ಕೆ ಮಲಗಿಸಿ ಅಳೆದರೆ ಕ್ರಿಸ್ಟಲಿನಿಟಿಗೆ, ಅಂದರೆ ಹರಳುಗಟ್ಟಿದ ಭಾಗದ ಪಾಲಿಗೆ, ಒಂದು ಸಂಖ್ಯೆ ಬರುತ್ತದೆ, ಅಡ್ಡ ಕೊಯ್ದ ಮುಖವನ್ನು ಮೇಲೆ ಮಾಡಿ ಅಳೆದರೆ ಇನ್ನೊಂದು, ಪುಡಿ ಮಾಡಿ ತುಂಬಿದರೆ ಮತ್ತೊಂದು. ಮರ ಅದೇ, ಅದರೊಳಗಿನ ಸೆಲ್ಯುಲೋಸ್ ಅದೇ. ಬದಲಾಗಿದ್ದು ನಾವು ಅದನ್ನು ಕಿರಣಕ್ಕೆ ಒಡ್ಡಿದ ರೀತಿ ಮಾತ್ರ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ "ಈ ಮರದ ಕ್ರಿಸ್ಟಲಿನಿಟಿ 58, ಆ ಮರದ್ದು 66" ಅಂತ ಬರೆದು, ಯಾವ ಮರ ಗಟ್ಟಿ ಯಾವುದು ಮೆದು ಅನ್ನುವ ತೀರ್ಮಾನಕ್ಕೂ ಹೋಗಿಬಿಟ್ಟಿರುತ್ತಾರೆ. ಸ್ಯಾಂಪಲ್ ಹೇಗೆ ಮಾಡಿದಿರಿ ಅಂತ ನೋಡಿದರೆ ಒಂದೇ ಸಾಲು: "ಪುಡಿ ಮಾಡಿ ಎಕ್ಸ್‌ಆರ್‌ಡಿಗೆ ಕಳಿಸಲಾಯಿತು." ಆ ಒಂದು ಸಾಲಿನೊಳಗೆ ಎಂಟು ಅಂಕದ ವ್ಯತ್ಯಾಸ ಪೂರ್ತಿ ಅಡಗಿ ಕೂರಬಹುದು.

ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲಿ ಇರಲಿ, ಕೆಮಿಸ್ಟ್ರಿ ಎಂಎಸ್ಸಿಯಲ್ಲಿ ಇರಲಿ, ಕಾಗದ ಅಥವಾ ಬಯೋಮಾಸ್ ಮೇಲೆ ಪಿಎಚ್‌ಡಿ ಮಾಡುತ್ತಿರಲಿ, ಮೊದಲ ಸಲ ಮರದ ಸ್ಯಾಂಪಲ್ ಹಿಡಿದು ಎಕ್ಸ್‌ಆರ್‌ಡಿ ಕೋಣೆಗೆ ಹೋಗುವವರನ್ನು ಮನಸ್ಸಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಸಾಗುವಾನಿ ಮತ್ತು ನೀಲಗಿರಿ ಇಟ್ಟುಕೊಳ್ಳೋಣ.

ಯಂತ್ರ ಏನನ್ನು ನೋಡುತ್ತದೆ

ಒಣ ಮರದ ತೂಕದಲ್ಲಿ ಹೆಚ್ಚುಕಮ್ಮಿ 40ರಿಂದ 50 ಭಾಗ ಸೆಲ್ಯುಲೋಸ್. ಉಳಿದದ್ದು ಹೆಮಿಸೆಲ್ಯುಲೋಸ್, ಲಿಗ್ನಿನ್, ಮತ್ತೆ ಒಂದಿಷ್ಟು ಅಂಟು, ಎಣ್ಣೆ, ಬಣ್ಣ, ಖನಿಜ. ಸೆಲ್ಯುಲೋಸ್ ಸರಪಳಿಗಳು ಒತ್ತೊತ್ತಾಗಿ ಸಾಲುಗಟ್ಟಿ ತೆಳು ಎಳೆಗಳಾಗಿರುತ್ತವೆ. ಇವೇ ಮೈಕ್ರೋಫೈಬ್ರಿಲ್. ಅವುಗಳ ಒಳಗೆ ಅಚ್ಚುಕಟ್ಟಾಗಿ ಜೋಡಿಸಿದ ಭಾಗ ಇದೆಯಲ್ಲ, ಅದೇ ಹರಳು. ಮರದಲ್ಲಿ ಆ ಹರಳಿನ ಅಗಲ ಬರೀ 3 ನ್ಯಾನೋಮೀಟರ್ ಆಸುಪಾಸು. ಇದು ತುಂಬಾ ಸಣ್ಣದು, ಆದ್ದರಿಂದ ಎಕ್ಸ್‌ಆರ್‌ಡಿ ಪೀಕ್‌ಗಳು, ಅಂದರೆ ಯಂತ್ರ ಕೊಡುವ ಗ್ರಾಫ್‌ನ ಶಿಖರಗಳು, ಅಗಲವಾಗಿ, ಒಂದರ ಮೇಲೊಂದು ಬಿದ್ದುಕೊಂಡು ಬರುತ್ತವೆ. ಉಪ್ಪಿನ ಹರಳಿನ ಹಾಗೆ ಸೂಜಿಯಂಥ ಪೀಕ್ ಬರುತ್ತದೆ ಅಂತ ಕಾಯಬೇಡಿ.

ತಾಮ್ರದ ಟ್ಯೂಬ್ ಇರುವ ಯಂತ್ರದಲ್ಲಿ, ಅಂದರೆ ತರಂಗಾಂತರ 1.54 ಆಂಗ್‌ಸ್ಟ್ರಾಮ್ ಇದ್ದಾಗ, ಮರದಲ್ಲಿ ಕಾಣುವುದು ಇಷ್ಟು. 2 ಥೀಟಾ (ಕಿರಣ ತಿರುಗಿದ ಕೋನ) 15ರಿಂದ 16.5 ಡಿಗ್ರಿ ಮಧ್ಯೆ ಒಂದು ಅಗಲವಾದ ಉಬ್ಬು. ಇದು ಎರಡು ಪೀಕ್ ಸೇರಿಕೊಂಡದ್ದು, 1-10 ಮತ್ತು 110. ಇಂಥ ಮೂರಂಕಿಗಳು ಹರಳಿನೊಳಗಿನ ಒಂದೊಂದು ಬಗೆಯ ಪದರದ ಹೆಸರು; 1-10ರಲ್ಲಿ ನಡುವಿನ ಅಂಕಿ ಮೈನಸ್ ಒಂದು. ಆಮೇಲೆ 22.5ರ ಹತ್ತಿರ ದೊಡ್ಡ ಪೀಕ್, 200. ಅದರ ಎಡ ಭುಜದಲ್ಲಿ, 20.5ರ ಸುತ್ತ, 102 ಮತ್ತು 012 ಅಡಗಿರುತ್ತವೆ. ಕೊನೆಗೆ 34.5ರ ಹತ್ತಿರ ಒಂದು ಸಣ್ಣ ಉಬ್ಬು, 004. ಈ 004 ಅನ್ನು ತುಂಬಾ ಜನ ನೋಡುವುದೇ ಇಲ್ಲ, 30 ಡಿಗ್ರಿಗೇ ಸ್ಕ್ಯಾನ್ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ನಾರಿನ ದಿಕ್ಕಿನ ಬಗ್ಗೆ ಸತ್ಯ ಹೇಳುವ ಪೀಕ್ ಇದೊಂದೇ. ಹಾಗಾಗಿ 5ರಿಂದ ಶುರು ಮಾಡಿ 40 ಡಿಗ್ರಿವರೆಗಾದರೂ ಓಡಿಸಿ.

ಎಲ್ಲರೂ ಬಳಸುವ ಸೂತ್ರ ಸೀಗಲ್ ಮತ್ತು ಸಂಗಡಿಗರದ್ದು, 1959ರದ್ದು. 200 ಪೀಕ್‌ನ ಎತ್ತರ ತೆಗೆದುಕೊಳ್ಳಿ, 18 ಡಿಗ್ರಿಯ ತಗ್ಗಿನ ಎತ್ತರವನ್ನು ಅದರಿಂದ ಕಳೆಯಿರಿ, ಉಳಿದದ್ದನ್ನು 200ರ ಎತ್ತರದಿಂದ ಭಾಗಿಸಿ 100ರಿಂದ ಗುಣಿಸಿ. ಅಷ್ಟೇ. ಆ ಸೂತ್ರವನ್ನು ಅವರು ಮಾಡಿದ್ದು ಹತ್ತಿಗೆ. ಹತ್ತಿ ಹೆಚ್ಚುಕಮ್ಮಿ ಪೂರ್ತಿ ಸೆಲ್ಯುಲೋಸ್, ಅದರ ಹರಳುಗಳೂ ದೊಡ್ಡವು, ಮತ್ತು ಅದೊಂದು ಹೋಲಿಕೆಯ ಸೂಚಿ ಅನ್ನುವ ಅರ್ಥದಲ್ಲೇ ಬಂದದ್ದು. ನಾವು ಅದನ್ನೇ ಲಿಗ್ನಿನ್ ತುಂಬಿದ ಮರಕ್ಕೆ ಹಾಕುತ್ತಿದ್ದೇವೆ. ಹಾಕಬಾರದು ಅಂತಲ್ಲ. ಹಾಕಿದಾಗ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಗೊತ್ತಿರಬೇಕು.

ನಾರಿನ ದಿಕ್ಕು: ಇಲ್ಲೇ ಜಾಸ್ತಿ ಮೋಸ ಹೋಗುವುದು

ಸಾಮಾನ್ಯವಾಗಿ ನಮ್ಮ ಕಾಲೇಜುಗಳಲ್ಲಿ ಇರುವುದು ರಿಫ್ಲೆಕ್ಷನ್ ಮಾದರಿಯ ಯಂತ್ರ. ಕಿರಣ ಸ್ಯಾಂಪಲ್ ಮೇಲ್ಮೈಗೆ ಬಡಿದು ಅದೇ ಬದಿಯಿಂದ ವಾಪಸ್ ಬರುತ್ತದೆ. ಈ ಏರ್ಪಾಟಿನಲ್ಲಿ ಒಂದು ನಿಯಮ ಇದೆ: ಯಂತ್ರ ನೋಡುವುದು ಸ್ಯಾಂಪಲ್ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುವ ಹರಳಿನ ಪದರಗಳನ್ನು ಮಾತ್ರ. ಓರೆಯಾಗಿ ನಿಂತಿರುವ, ನೆಟ್ಟಗೆ ನಿಂತಿರುವ ಪದರಗಳು ಎಷ್ಟೇ ಇದ್ದರೂ ಡಿಟೆಕ್ಟರ್‌ಗೆ ಅವು ಲೆಕ್ಕಕ್ಕೇ ಇಲ್ಲ.

ಈಗ ಮರವನ್ನು ನೆನೆಸಿಕೊಳ್ಳಿ. ಮೈಕ್ರೋಫೈಬ್ರಿಲ್‌ಗಳು ಹೆಚ್ಚಾಗಿ ನಾರಿನ ಉದ್ದಕ್ಕೇ ಸಾಗುತ್ತವೆ. 200 ಪದರಗಳು ಸೆಲ್ಯುಲೋಸ್ ಸರಪಳಿಯ ಉದ್ದಕ್ಕೆ ಸಮಾನಾಂತರ. 004 ಪದರಗಳು ಸರಪಳಿಗೆ ಅಡ್ಡ. ಹಾಗಾಗಿ ನಾರು ಮಲಗಿರುವ ಮುಖವನ್ನು ಕಿರಣಕ್ಕೆ ಕೊಟ್ಟರೆ, ಅಂದರೆ ಹಲಗೆಯ ಅಗಲ ಮುಖ, 200 ಜೋರಾಗಿ ಬರುತ್ತದೆ, 004 ಕಾಣೆಯಾಗುತ್ತದೆ. ಅಡ್ಡ ಕೊಯ್ದು ಉಂಗುರ ಕಾಣುವ ಮುಖವನ್ನು ಕೊಟ್ಟರೆ ಇದರ ಉಲ್ಟಾ: 004 ಎದ್ದು ನಿಲ್ಲುತ್ತದೆ, 200 ಕುಸಿಯುತ್ತದೆ. ಲಿಗ್ನಿನ್, ಹೆಮಿಸೆಲ್ಯುಲೋಸ್‌ನಿಂದ ಬರುವ ಅಮಾರ್ಫಸ್ (ಹರಳಿನಂಥ ಜೋಡಣೆ ಇಲ್ಲದ) ಚದುರುವಿಕೆಗೆ ಮಾತ್ರ ಇಂಥ ದಿಕ್ಕಿನ ಹಂಗು ತುಂಬಾ ಕಡಿಮೆ. ನೀವು ಹೇಗೆ ತಿರುಗಿಸಿದರೂ ಅದು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಇದನ್ನು ಸೂತ್ರಕ್ಕೆ ಹಾಕಿ ನೋಡಿ. ಇವು ವಿಷಯ ತಿಳಿಯಲು ಹಾಕಿಕೊಂಡ ಲೆಕ್ಕದ ಸಂಖ್ಯೆಗಳು, ಯಾವ ಮರದ ಅಳತೆಯೂ ಅಲ್ಲ. ದಿಕ್ಕು ಪೂರ್ತಿ ಕಲಸಿಹೋದ ಪುಡಿಯಲ್ಲಿ 200ರ ಎತ್ತರ 1000, 18 ಡಿಗ್ರಿಯ ಎತ್ತರ 400 ಅಂತಿಟ್ಟುಕೊಳ್ಳಿ. ಸೂಚಿ 60. ಅದೇ ಮರದಲ್ಲಿ ನಾರು ಮಲಗಿಸಿದ್ದರಿಂದ 200 ಒಂದೂವರೆ ಪಟ್ಟಾಗಿ 1500 ಆಯಿತು, ತಗ್ಗು ಅದೇ 400. ಸೂಚಿ 73. ಅಡ್ಡ ಮುಖದಲ್ಲಿ 200 ಕುಸಿದು 600 ಆಯಿತು ಅಂದುಕೊಳ್ಳಿ. ಸೂಚಿ 33. ಒಂದು ಗ್ರಾಂ ಸೆಲ್ಯುಲೋಸ್ ಕೂಡ ಆಚೀಚೆ ಆಗಿಲ್ಲ, ಆದರೆ ಸಂಖ್ಯೆ 33ರಿಂದ 73ರವರೆಗೆ ಓಡಾಡಿತು. ಇನ್ನೊಂದು ಸೂಕ್ಷ್ಮವೂ ಇದೆ. ನಾರು ಮಲಗಿದ್ದಾಗ 20.5ರ ಸುತ್ತ ಇರುವ 102, 012 ಕೂಡ ಕ್ಷೀಣಿಸುತ್ತವೆ. ಪುಡಿಯಲ್ಲಿ ಅವುಗಳ ಅಗಲವಾದ ಬಾಲ 18 ಡಿಗ್ರಿಯ ತಗ್ಗನ್ನು ಸ್ವಲ್ಪ ತುಂಬುತ್ತಿರುತ್ತದೆ. ಅವು ಹೋದರೆ ತಗ್ಗು ಇನ್ನೂ ಆಳವಾಗಿ ಕಾಣುತ್ತದೆ, ಸೂಚಿ ಇನ್ನಷ್ಟು ಏರುತ್ತದೆ. ಅಂದರೆ ಆ 18 ಡಿಗ್ರಿಯ ಎತ್ತರ ಪೂರ್ತಿ ಅಮಾರ್ಫಸ್‌ನದ್ದು ಅನ್ನುವುದೇ ಸರಿಯಲ್ಲ. ಹರಳು ಸಣ್ಣದಾದಷ್ಟೂ ಪೀಕ್‌ಗಳು ಅಗಲವಾಗಿ ಆ ತಗ್ಗಿಗೆ ಜಾಸ್ತಿ ಸುರಿಯುತ್ತವೆ.

"ನಾವು ಸ್ಪಿನ್ನರ್ ಹಾಕಿ ತಿರುಗಿಸಿದ್ದೇವೆ, ದಿಕ್ಕಿನ ತೊಂದರೆ ಇಲ್ಲ" ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ರಿಫ್ಲೆಕ್ಷನ್‌ನಲ್ಲಿ ಇದು ತಪ್ಪು. ಸ್ಪಿನ್ನರ್ ಸ್ಯಾಂಪಲನ್ನು ಅದರ ಮೇಲ್ಮೈಯಲ್ಲೇ ತಿರುಗಿಸುತ್ತದೆ. ರೊಟ್ಟಿಯನ್ನು ಹಂಚಿನ ಮೇಲೆ ಸುತ್ತ ತಿರುಗಿಸಿದರೆ ಕೆಳಮುಖ ಮೇಲೆ ಬರುತ್ತದೆಯೇ? ಮಲಗಿದ ನಾರು ಮಲಗಿಯೇ ಇರುತ್ತದೆ. ಕಣಗಳು ಒರಟಾಗಿದ್ದಾಗ ಸರಾಸರಿ ಚೆನ್ನಾಗಿ ಸಿಗುತ್ತದೆ, ಅಷ್ಟರ ಮಟ್ಟಿಗೆ ಸ್ಪಿನ್ನರ್ ಉಪಯೋಗ. ನಾರಿನ ಮಲಗುವಿಕೆಗೆ ಅದು ಮದ್ದಲ್ಲ.

ಮೈಕ್ರೋಫೈಬ್ರಿಲ್ ಕೋನವನ್ನೂ ಇಲ್ಲೇ ಹೇಳಬೇಕು. ಜೀವಕೋಶದ ಗೋಡೆಯ ಮುಖ್ಯ ಪದರ ಎಸ್2. ಗೋಡೆಯ ದಪ್ಪದಲ್ಲಿ ಸಿಂಹಪಾಲು ಅದರದ್ದೇ. ಅದರಲ್ಲಿ ಮೈಕ್ರೋಫೈಬ್ರಿಲ್‌ಗಳು ನಾರಿನ ಸುತ್ತ ಸುರುಳಿಯಾಗಿ ಹೋಗುತ್ತವೆ. ಬಲಿತ ಮರದಲ್ಲಿ ಈ ಓರೆ ಸಾಮಾನ್ಯವಾಗಿ 5ರಿಂದ 20 ಡಿಗ್ರಿ. ತಿರುಳಿನ ಹತ್ತಿರದ ಎಳೆ ಮರದಲ್ಲಿ, ಅದರಲ್ಲೂ ಪೈನ್ ಜಾತಿಗಳಲ್ಲಿ, 40 ದಾಟುವುದೂ ಉಂಟು. ಓರೆ ಜಾಸ್ತಿ ಆದರೆ ತುಂಡಿನ ಮೇಲೆ ಅಳೆದ 200 ತಗ್ಗುತ್ತದೆ, ಯಾಕೆಂದರೆ ಅದರ ಬಲ ಬೇರೆ ದಿಕ್ಕುಗಳಿಗೂ ಹಂಚಿಹೋಗುತ್ತದೆ. ನೀವು ತಿರುಳಿನಿಂದ ತೊಗಟೆಯವರೆಗೆ ಪಟ್ಟಿ ಕತ್ತರಿಸಿ, ತುಂಡು ತುಂಡಾಗಿ ಅಳೆದು, "ಹೊರಗೆ ಹೋದಂತೆ ಕ್ರಿಸ್ಟಲಿನಿಟಿ ಏರಿತು" ಅಂತ ಬರೆದರೆ, ಏರಿದ್ದು ಕ್ರಿಸ್ಟಲಿನಿಟಿಯೋ ಅಥವಾ ಇಳಿದದ್ದು ಕೋನವೋ ಅಂತ ಕೇಳಿದವರಿಗೆ ಉತ್ತರ ಇರುವುದಿಲ್ಲ. ಬಾಗಿ ಬೆಳೆದ ಮರವಾದರೆ ಇನ್ನೂ ಎಚ್ಚರ ಬೇಕು. ಅಗಲ ಎಲೆಯ ಅನೇಕ ಮರಗಳಲ್ಲಿ ಬಾಗಿದ ಕಾಂಡದ ಮೇಲ್ಬದಿಯಲ್ಲಿ ಟೆನ್ಷನ್ ವುಡ್ ಬೆಳೆಯುತ್ತದೆ. ಅದರ ನಾರಿನೊಳಗಿನ ಜೆಲ್‌ನಂಥ ಪದರದಲ್ಲಿ ಸೆಲ್ಯುಲೋಸ್ ತುಂಬಾ ಜಾಸ್ತಿ, ನೆಟ್ಟಗೂ ಇರುತ್ತದೆ. ಸ್ಯಾಂಪಲ್ ಯಾವ ಬದಿಯದ್ದು ಅಂತ ಕಾಂಡ ಕಡಿಯುವಾಗಲೇ ಗುರುತು ಹಾಕಿ, ಆಮೇಲೆ ಪತ್ತೆ ಮಾಡಲು ಆಗುವುದಿಲ್ಲ. ಎಷ್ಟು ಎತ್ತರದಿಂದ ತೆಗೆದಿರಿ (ನಮ್ಮಲ್ಲಿ ಎದೆಯೆತ್ತರ ಅಂದರೆ 1.37 ಮೀಟರ್), ತಿರುಳಿನಿಂದ ಎಷ್ಟು ದೂರ, ಚೇಗೋ ಹೊರಗಿನ ಬಿಳಿ ಮರವೋ, ಎಲ್ಲ ಬರೆದಿಡಿ.

ಇಷ್ಟು ಓದಿದ ಮೇಲೂ ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಬಡಗಿಯ ಹತ್ತಿರ ಗೆರೆ ನೇರವಾಗಿರುವ ಮರದಿಂದ ಹೋಲ್ಡರ್‌ಗೆ (ಸ್ಯಾಂಪಲ್ ಇಡುವ ತಟ್ಟೆಗೆ) ಕೂರುವಷ್ಟು ಸಣ್ಣ ಚೌಕ ತುಂಡುಗಳನ್ನು ಮೂರು ಮುಖಕ್ಕೂ ಕೊಯ್ಯಿಸಿ: ಒಂದು ಅಡ್ಡ ಮುಖ, ಒಂದು ತಿರುಳಿನ ಕಡೆಗೆ ಸೀಳಿದ ಮುಖ, ಒಂದು ಉಂಗುರಕ್ಕೆ ತಾಕಿ ಹೋಗುವ ಮುಖ. ಕೀಸುಳಿ ಇಲ್ಲವೇ ಹರಿತ ಬ್ಲೇಡಿನಲ್ಲಿ ನಯ ಮಾಡಿಸಿ. ಸ್ಯಾಂಡ್‌ಪೇಪರ್ ಬೇಡ. ಅದರ ಕಣ ಮರದ ರಂಧ್ರದೊಳಗೆ ಸೇರಿಕೊಳ್ಳುತ್ತದೆ. ಸಿಲಿಕಾನ್ ಕಾರ್ಬೈಡ್ ಆದರೆ 35.6ರ ಹತ್ತಿರ, ಅಲ್ಯುಮಿನಾ ಆದರೆ 25.6 ಮತ್ತು 35.1ರ ಹತ್ತಿರ ಚೂಪು ಪೀಕ್ ಬಂದು, ಸರಿಯಾಗಿ ನಮ್ಮ 004 ಪಕ್ಕದಲ್ಲೇ ಕೂರುತ್ತದೆ. ಮೂರು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. 200 ಮತ್ತು 004 ಹೇಗೆ ಅದಲುಬದಲಾಗುತ್ತವೆ ಅಂತ ಒಮ್ಮೆ ಕಣ್ಣಾರೆ ಕಂಡರೆ ಮತ್ತೆಂದೂ ತುಂಡಿನ ಮೇಲೆ ಸೀಗಲ್ ಸೂತ್ರ ಹಾಕಲು ಮನಸ್ಸು ಬರುವುದಿಲ್ಲ. ಅಡ್ಡ ಮುಖದಲ್ಲೂ 200 ಪೂರ್ತಿ ಸೊನ್ನೆ ಆಗುವುದಿಲ್ಲ. ಎಸ್1, ಎಸ್3 ಪದರಗಳ ಎಳೆಗಳು ಜಾಸ್ತಿ ಓರೆ, ಮತ್ತೆ ತಿರುಳಿನಿಂದ ಹೊರಕ್ಕೆ ಹೋಗುವ ರೇ ಕೋಶಗಳು ಅಡ್ಡಕ್ಕೇ ಮಲಗಿರುತ್ತವೆ. ಅವುಗಳ ಪಾಲು ಅಲ್ಲಿ ಕಾಣುತ್ತದೆ.

ಪುಡಿ ಮಾಡುವುದು

ದಿಕ್ಕಿನ ತೊಂದರೆಗೆ ಪುಡಿಯೇ ಉತ್ತರ ಅಲ್ವಾ ಅಂದರೆ, ಅರ್ಧ ಉತ್ತರ. ಮರದ ಪುಡಿ ಮರಳಿನ ಹಾಗೆ ಉರುಟಾಗಿರುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿ, ಸೀಳು ಸೀಳಾಗಿ, ಉದ್ದುದ್ದ ಚೂರುಗಳು. ಅವುಗಳನ್ನು ಹೋಲ್ಡರ್‌ಗೆ ಹಾಕಿ ಗಾಜಿನ ಪಟ್ಟಿಯಿಂದ ಒತ್ತಿದರೆ ಎಲ್ಲವೂ ಮಲಗುತ್ತವೆ, ಮತ್ತೆ ನಾರು ಮಲಗಿದ ಹಲಗೆಯ ಕಥೆಯೇ. ಪೆಲೆಟ್ ಪ್ರೆಸ್‌ನಲ್ಲಿ ಒತ್ತಿದರೆ ಇನ್ನೂ ಜಾಸ್ತಿ.

ಹಾಗಾದರೆ ತುಂಬಾ ನುಣ್ಣಗೆ ಮಾಡೋಣ ಅನ್ನಿಸುತ್ತದೆ. ಅಲ್ಲಿ ಇನ್ನೊಂದು ಗುಂಡಿ ಇದೆ. ಬಾಲ್ ಮಿಲ್‌ನಲ್ಲಿ ಒಣಗಿದ ಸೆಲ್ಯುಲೋಸನ್ನು ರುಬ್ಬುತ್ತಾ ಹೋದರೆ ಹರಳೇ ಮುರಿದು ಅಮಾರ್ಫಸ್ ಆಗುತ್ತದೆ. ಪ್ಲಾನೆಟರಿ ಬಾಲ್ ಮಿಲ್‌ನಲ್ಲಿ ಕೆಲವು ಗಂಟೆ ಸಾಕು, 200 ಪೀಕ್ ಕರಗಿ ಒಂದೇ ಗುಡ್ಡ ಉಳಿಯುತ್ತದೆ. ಅಮಾರ್ಫಸ್ ಸೆಲ್ಯುಲೋಸ್ ಮಾದರಿ ಬೇಕಾದವರು ಬೇಕೆಂದೇ ಹೀಗೆ ಮಾಡುತ್ತಾರೆ. ನೀವು ಅಳೆಯಬೇಕಾದದ್ದನ್ನೇ ಅಳಿಸಿಹಾಕುವ ಯಂತ್ರ ಅದು. ಹೀಗೆ ಮುರಿದ ಪುಡಿಗೆ ನೀರು ತಾಗಿದರೆ ಒಂದಿಷ್ಟು ಮತ್ತೆ ಹರಳುಗಟ್ಟುತ್ತದೆ, ಆಗ ಬರುವ ಸಂಖ್ಯೆ ಯಾವುದರದ್ದು ಅಂತ ಹೇಳುವುದೇ ಕಷ್ಟ.

ನಾನು ಹೇಳುವ ದಾರಿ ಇದು. ಬಡಿಯುವ ಯಂತ್ರದ ಬದಲು ಕತ್ತರಿಸುವ ಯಂತ್ರ ಬಳಸಿ, ವೈಲಿ ಮಿಲ್‌ನಂಥದ್ದು. ಸ್ವಲ್ಪ ಸ್ವಲ್ಪ ಹಾಕಿ, ನಿಲ್ಲಿಸಿ ನಿಲ್ಲಿಸಿ ಓಡಿಸಿ, ಬಿಸಿ ಆಗಲು ಬಿಡಬೇಡಿ. ಜರಡಿಯಲ್ಲಿ 40 ಮೆಶ್ ದಾಟಿ 60ರ ಮೇಲೆ ನಿಲ್ಲುವ ಪುಡಿ, ಅಂದರೆ ಸುಮಾರು 0.25ರಿಂದ 0.42 ಮಿಲಿಮೀಟರ್, ರಾಸಾಯನಿಕ ವಿಶ್ಲೇಷಣೆಗೆ ಎಲ್ಲರೂ ತೆಗೆದುಕೊಳ್ಳುವ ಗಾತ್ರ. ಎಕ್ಸ್‌ಆರ್‌ಡಿಗೆ ಇದು ಸ್ವಲ್ಪ ಒರಟು, ಉದ್ದ ಚೂರು ಜಾಸ್ತಿ. 80 ಮೆಶ್ ದಾಟುವವರೆಗೆ, ಅಂದರೆ 0.18 ಮಿಲಿಮೀಟರ್‌ಗಿಂತ ಸಣ್ಣದಾಗುವವರೆಗೆ, ಕತ್ತರಿಸುತ್ತಲೇ ಸಣ್ಣ ಮಾಡಿದರೆ ಕೆಲಸ ನಡೆಯುತ್ತದೆ. ಅಗೇಟ್ ಮಾರ್ಟರ್‌ನಲ್ಲಿ ಗಂಟೆಗಟ್ಟಲೆ ಅರೆಯುವುದು ಬೇಡ, ಅದೂ ಕೈಯಿಂದ ನಡೆಯುವ ಬಾಲ್ ಮಿಲ್ಲೇ. ಮಿಕ್ಸಿಯಲ್ಲಿ ಮಾಡುವವರೂ ಇದ್ದಾರೆ. ಬ್ಲೇಡ್ ಹರಿತ ಇದ್ದು, ಕೆಲವೇ ಸೆಕೆಂಡ್ ಓಡಿಸಿ ಬಿಟ್ಟು ಬಿಟ್ಟು ಮಾಡಿದರೆ ತೀರಾ ಕೆಟ್ಟದ್ದಲ್ಲ, ಆದರೆ ಎಲ್ಲಾ ಸ್ಯಾಂಪಲ್‌ಗೂ ಅದೇ ಹೊತ್ತು, ಅದೇ ಪ್ರಮಾಣ ಇರಬೇಕು. ಸಾ ಮಿಲ್‌ನ ಹೊಟ್ಟು ತಂದು ಬಳಸಬೇಡಿ. ಗರಗಸದ ಬಿಸಿಗೆ ಕಂದಿದ್ದು, ಬೇರೆ ಮರದ ಹೊಟ್ಟು ಬೆರೆತದ್ದು, ಎಣ್ಣೆ ತಾಗಿದ್ದು, ಏನಿದೆಯೋ ಗೊತ್ತಾಗುವುದಿಲ್ಲ.

ಜರಡಿ ಹಿಡಿಯುವಾಗ ಒಂದು ವಿಷಯ ತಪ್ಪಿಹೋಗುತ್ತದೆ. ಅತಿ ನುಣ್ಣನೆ ಧೂಳು ಮತ್ತು ಒರಟು ಚೂರು ಒಂದೇ ವಸ್ತುವಲ್ಲ. ತೆಳು ಗೋಡೆಯ ಕೋಶಗಳು, ಖನಿಜ ಇವೆಲ್ಲ ಧೂಳಿನಲ್ಲಿ ಜಾಸ್ತಿ ಸೇರುತ್ತವೆ, ಗಟ್ಟಿ ನಾರು ಮೇಲೆ ಉಳಿಯುತ್ತದೆ. ಒಂದು ಭಾಗ ಇಟ್ಟುಕೊಂಡು ಉಳಿದದ್ದು ಎಸೆದರೆ ಮರವನ್ನೇ ಆರಿಸಿದ ಹಾಗಾಯಿತು. ಮೇಲೆ ಉಳಿದದ್ದನ್ನು ಮತ್ತೆ ಮತ್ತೆ ಕತ್ತರಿಸಿ ಪೂರ್ತಿ ಜರಡಿ ದಾಟಿಸುವುದು ಒಳ್ಳೆಯದು. ಎಸೆಯಲೇಬೇಕಾದರೆ ಎಷ್ಟು ಪಾಲು ಎಸೆದಿರಿ ಅಂತ ತೂಗಿ ಬರೆಯಿರಿ.

ತೇವ

ಗಾಳಿಯಲ್ಲಿ ಒಣಗಿದ ಮರದಲ್ಲೂ ನೂರಕ್ಕೆ ಹತ್ತರ ಸುತ್ತಮುತ್ತ ನೀರು ಇರುತ್ತದೆ. ಜುಲೈನಲ್ಲಿ ಮಲೆನಾಡಲ್ಲಿ ಅಳೆದದ್ದು, ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಅಳೆದದ್ದು ಒಂದೇ ತೇವದ್ದಲ್ಲ. ನೀರು ತನ್ನದೇ ಅಗಲ ಗುಡ್ಡವನ್ನು 28 ಡಿಗ್ರಿಯ ಸುತ್ತ ಸೇರಿಸುತ್ತದೆ, ಅದರ ಬಾಲ 22ರವರೆಗೂ ಬರುತ್ತದೆ. ಅದಕ್ಕಾಗಿ ಎಲ್ಲಾ ಪುಡಿಯನ್ನೂ ಒಂದೇ ತೇವಕ್ಕೆ ತನ್ನಿ. ಡೆಸಿಕೇಟರ್‌ನ (ಬಿಗಿಯಾಗಿ ಮುಚ್ಚುವ ಗಾಜಿನ ಪಾತ್ರೆಯ) ತಳಕ್ಕೆ ಮೆಗ್ನೀಷಿಯಂ ನೈಟ್ರೇಟ್‌ನ ದಟ್ಟ ದ್ರಾವಣ ಇಡಿ. ತಳದಲ್ಲಿ ಕರಗದ ಉಪ್ಪು ಉಳಿದಿರಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಸಾಪೇಕ್ಷ ಆರ್ದ್ರತೆ 53ರ ಹತ್ತಿರ ನಿಲ್ಲುತ್ತದೆ. ಪುಡಿಯನ್ನು ತೆಳ್ಳಗೆ ಹರಡಿ, ತೂಕ ಬದಲಾಗುವುದು ನಿಂತ ಮೇಲೆ ಅಳೆಯಿರಿ. 105 ಡಿಗ್ರಿ ಒಲೆಯಲ್ಲಿ ಒಣಗಿಸಿದ್ದನ್ನು ನೇರ ಎಕ್ಸ್‌ಆರ್‌ಡಿಗೆ ಹಾಕಬೇಡಿ. ಅಂಥ ಪುಡಿ ಹೋಲ್ಡರ್‌ನಲ್ಲಿ ಕೂತಲ್ಲೇ ಗಾಳಿಯ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ, ಸ್ಕ್ಯಾನ್‌ನ ಶುರುವಿನಲ್ಲಿ ಇದ್ದ ಸ್ಯಾಂಪಲ್ ಕೊನೆಯಲ್ಲಿ ಇರುವುದಿಲ್ಲ. ತೇವದ ಪ್ರಮಾಣ ತಿಳಿಯಲು ಒಲೆ ಬೇಕು ನಿಜ. ಅದಕ್ಕೆ ಬೇರೆ ಚಿಟಿಕೆ ಪುಡಿ ತೆಗೆದುಕೊಳ್ಳಿ.

ಸೆಲ್ಯುಲೋಸ್ ಅಲ್ಲದ್ದು ಪೀಕ್ ಕೊಟ್ಟರೆ

ಸಾಗುವಾನಿಯಲ್ಲಿ ಸಿಲಿಕಾ ಇದೆ. ಬಡಗಿಗಳು ಉಳಿ ಬೇಗ ಮೊಂಡಾಗುತ್ತದೆ ಅನ್ನುವುದು ಇದರಿಂದಲೇ. ಸಸ್ಯದ ಸಿಲಿಕಾ ಅಮಾರ್ಫಸ್, ಅದರ ಗುಡ್ಡ ಬರುವುದು 22 ಡಿಗ್ರಿಯ ಸುತ್ತ, ನೇರ ನಮ್ಮ 200 ಕೆಳಗೆ. ಸಾಗುವಾನಿಯಲ್ಲಿ ಪ್ರಮಾಣ ಕಡಿಮೆ, ಆದರೆ ಬಿದಿರು ಅಥವಾ ಭತ್ತದ ಹುಲ್ಲಿಗೆ ಇದೇ ವಿಧಾನ ಹಾಕುವವರು ಬೂದಿ ಎಷ್ಟು ಅಂತ ಮೊದಲು ನೋಡಲೇಬೇಕು. ಹಲವು ಮರಗಳ, ಅದರಲ್ಲೂ ತೊಗಟೆ ಬೆರೆತ ಪುಡಿಯಲ್ಲಿ, ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತವೆ. ಅದರ ಪೀಕ್ 14.9, 24.4, 30.1ರಲ್ಲಿ ಬರುತ್ತದೆ, ಚೂಪಾಗಿ. 14.9 ಸರಿಯಾಗಿ 1-10 ಮೇಲೆ ಕೂರುತ್ತದೆ. ಮರದ ಪೀಕ್ ಎಂದೂ ಚೂಪಾಗಿರುವುದಿಲ್ಲ, ಆದ್ದರಿಂದ ಚೂಪು ಕಂಡ ಕೂಡಲೇ ಅನುಮಾನ ಪಡಿ.

ಅಂಟು, ಎಣ್ಣೆ ತೆಗೆಯಲು ಟಾಲ್ಯೀನ್-ಎಥನಾಲ್‌ನಲ್ಲಿ ಸಾಕ್ಸ್‌ಲೆಟ್ (ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ತೊಳೆಯುವುದು) ಮಾಡುವುದು ಒಳ್ಳೆಯದು, ಹರಳಿಗೆ ತೊಂದರೆ ಇಲ್ಲ. ಲಿಗ್ನಿನ್ ತೆಗೆಯುವುದು ಬೇರೆ ಮಾತು. ಸೋಡಿಯಂ ಕ್ಲೋರೈಟ್ ಹಾಕಿ ಲಿಗ್ನಿನ್ ತೆಗೆದರೆ ಸೀಗಲ್ ಸೂಚಿ ಏರುತ್ತದೆ. "ಸಂಸ್ಕರಣೆಯಿಂದ ಕ್ರಿಸ್ಟಲಿನಿಟಿ ಹೆಚ್ಚಾಯಿತು" ಅಂತ ಬರೆಯುವುದು ಎಷ್ಟು ಮಾಮೂಲಿ ಆಗಿಹೋಗಿದೆ ಅಂದರೆ ಬೇಸರವಾಗುತ್ತದೆ. ಹರಳು ಹೆಚ್ಚಾಗಿಲ್ಲ, ಹರಳಲ್ಲದ್ದು ಕಡಿಮೆಯಾಯಿತು ಅಷ್ಟೇ. ಎರಡೂ ಒಂದೇ ಅಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ ಆಲ್ಫಾ ಸೆಲ್ಯುಲೋಸ್, ಅಂದರೆ ಗಟ್ಟಿ ಕ್ಷಾರದಲ್ಲಿ ಕರಗದೆ ಉಳಿಯುವ ಸೆಲ್ಯುಲೋಸ್. ಅದನ್ನು ತೆಗೆಯಲು 17.5 ಪರ್ಸೆಂಟ್ ಸೋಡಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ. ಅಷ್ಟು ಗಟ್ಟಿ ಕ್ಷಾರ ಮರದ ಸೆಲ್ಯುಲೋಸ್‌ನ ಹರಳಿನ ರಚನೆಯನ್ನೇ ಬದಲಾಯಿಸಿಬಿಡುತ್ತದೆ. ಸೆಲ್ಯುಲೋಸ್ ಒಂದು ಹೋಗಿ ಸೆಲ್ಯುಲೋಸ್ ಎರಡು ಆಗುತ್ತದೆ, ಪೀಕ್‌ಗಳು 12, 20, 22ರ ಹತ್ತಿರಕ್ಕೆ ಹೋಗುತ್ತವೆ. ಅಲ್ಲಿ 18 ಡಿಗ್ರಿ ಅನ್ನುವುದು ತಗ್ಗೇ ಅಲ್ಲ, 20ರ ಪೀಕ್‌ನ ಇಳಿಜಾರು. ಅದಕ್ಕೆ ಸೀಗಲ್ ಸೂತ್ರವನ್ನು ಹಾಗೇ ಹಾಕಿ ಬಂದ ಸಂಖ್ಯೆಗೆ ಅರ್ಥವೇ ಇಲ್ಲ. 12ರ ಹತ್ತಿರ ಉಬ್ಬು ಕಂಡರೆ ನಿಲ್ಲಿಸಿ, ಸ್ಯಾಂಪಲ್ ಯಾವ ಕ್ಷಾರ ಕಂಡಿದೆ ಅಂತ ನೋಡಿ.

ಹೋಲ್ಡರ್ ತುಂಬುವುದು

ಮರ ಎಕ್ಸ್‌ರೇಗೆ ತುಂಬಾ ಪಾರದರ್ಶಕ. ಸಡಿಲ ಪುಡಿಯ ಸಾಂದ್ರತೆ 0.4 ಅಂತಿಟ್ಟು ಲೆಕ್ಕ ಹಾಕಿದರೆ, 22 ಡಿಗ್ರಿಯಲ್ಲಿ ಕಿರಣವನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯಲು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಬೇಕು. ಹಾಗಾಗಿ ಗಾಜಿನ ಸ್ಲೈಡ್ ಮೇಲೆ ಎರಡು ಬದಿ ಅಂಟಿನ ಟೇಪ್ ಹಚ್ಚಿ ತೆಳ್ಳಗೆ ಪುಡಿ ಉದುರಿಸಿದರೆ ಏನಾಗುತ್ತದೆ? ಕಿರಣ ಪುಡಿ ದಾಟಿ ಟೇಪು, ಗಾಜು ಎರಡನ್ನೂ ನೋಡುತ್ತದೆ. ಗಾಜಿನ ಗುಡ್ಡ 20ರಿಂದ 30ರ ಮಧ್ಯೆ, 200 ಇರುವಲ್ಲೇ. ಕನಿಷ್ಠ 2 ಮಿಲಿಮೀಟರ್ ಆಳದ ಹೋಲ್ಡರ್ ಕೇಳಿ. ಪುಡಿ ಅಷ್ಟು ಇಲ್ಲದಿದ್ದರೆ ಸಿಲಿಕಾನ್‌ನ ಜೀರೋ ಬ್ಯಾಕ್‌ಗ್ರೌಂಡ್ (ತನ್ನದೇ ಪೀಕ್, ಗುಡ್ಡ ಸೇರಿಸದ) ಹೋಲ್ಡರ್ ಕೇಳಿ. ಖಾಲಿ ಹೋಲ್ಡರ್‌ನ ಸ್ಕ್ಯಾನ್ ಒಂದನ್ನು ಅದೇ ಸೆಟ್ಟಿಂಗ್‌ನಲ್ಲಿ ತಪ್ಪದೆ ತೆಗೆದಿಡಿ.

ಮೇಲಿಂದ ಹಾಕಿ ಒತ್ತುವ ಬದಲು ಹಿಂದಿನಿಂದ ಅಥವಾ ಪಕ್ಕದಿಂದ ತುಂಬುವ ಹೋಲ್ಡರ್ ಇದ್ದರೆ ಅದೇ ಉತ್ತಮ, ಕಿರಣ ಬೀಳುವ ಮುಖದಲ್ಲಿ ಚೂರುಗಳು ಅಷ್ಟಾಗಿ ಮಲಗುವುದಿಲ್ಲ. ಇಲ್ಲದಿದ್ದರೆ ಜರಡಿಯಿಂದ ಉದುರಿಸಿ, ಬ್ಲೇಡಿನ ಅಂಚಿನಿಂದ ಕತ್ತರಿಸಿದಂತೆ ಸಮ ಮಾಡಿ. ಉಜ್ಜಬೇಡಿ, ಒತ್ತಬೇಡಿ. ಮೇಲ್ಮೈ ಹೋಲ್ಡರ್‌ನ ಅಂಚಿಗೆ ಸಮ ಇರಬೇಕು. 150 ಮಿಲಿಮೀಟರ್ ತ್ರಿಜ್ಯದ ಮೇಜಿನ ಯಂತ್ರದಲ್ಲಿ ಪುಡಿ ಅರ್ಧ ಮಿಲಿಮೀಟರ್ ಉಬ್ಬಿಕೊಂಡಿದ್ದರೆ ಪೀಕ್‌ಗಳು 0.37 ಡಿಗ್ರಿಯಷ್ಟು ಬಲಕ್ಕೆ ಸರಿಯುತ್ತವೆ. ಆಗ ನೀವು 18 ಅಂದುಕೊಂಡ ಜಾಗವೂ 18 ಅಲ್ಲ.

ದಿಕ್ಕು ಕಲಸಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಒಂದೇ ಪುಡಿಯನ್ನು ಎರಡು ಸಲ ಅಳೆಯಿರಿ, ಒಮ್ಮೆ ಸಡಿಲವಾಗಿ ಉದುರಿಸಿ, ಒಮ್ಮೆ ಬೇಕೆಂದೇ ಒತ್ತಿ. ಎರಡರಲ್ಲೂ 004ರ ವಿಸ್ತೀರ್ಣವನ್ನು 200ರ ವಿಸ್ತೀರ್ಣದಿಂದ ಭಾಗಿಸಿ. ಒತ್ತಿದಾಗ ಆ ಅನುಪಾತ ಜೋರಾಗಿ ಇಳಿದರೆ ನಿಮ್ಮ ಪುಡಿ ಮಲಗುವ ಜಾತಿಯದ್ದು, ತುಂಬುವ ಕೈ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಈ ಅನುಪಾತವನ್ನು ಪ್ರತಿ ಸ್ಯಾಂಪಲ್‌ಗೂ ಕೋಷ್ಟಕದಲ್ಲಿ ಕ್ರಿಸ್ಟಲಿನಿಟಿಯ ಪಕ್ಕದಲ್ಲೇ ಹಾಕಿ. ಎರಡು ಮರಗಳ ಅನುಪಾತ ಬೇರೆ ಬೇರೆ ಇದ್ದರೆ ಅವುಗಳ ಕ್ರಿಸ್ಟಲಿನಿಟಿ ಹೋಲಿಸುವ ಮುಂಚೆ ನಿಂತು ಯೋಚಿಸಬೇಕು.

ಸ್ಯಾಂಪಲನ್ನು ಬೇರೆ ವಿಶ್ವವಿದ್ಯಾಲಯದ ಯಂತ್ರಕ್ಕೆ ಕಳಿಸುವವರು ಸುಮ್ನೆ ಪೊಟ್ಟಣ ಕಟ್ಟಿ ಕಳಿಸಬೇಡಿ. ಯಂತ್ರ ನಡೆಸುವವರು ಲೋಹ, ಆಕ್ಸೈಡ್ ಪುಡಿಗಳಿಗೆ ಒಗ್ಗಿದವರು, ಒಳ್ಳೆಯ ಉದ್ದೇಶದಿಂದಲೇ ಇನ್ನಷ್ಟು ಅರೆದು, ಗಟ್ಟಿಯಾಗಿ ಒತ್ತಿ ಹಾಕುತ್ತಾರೆ. ಒಂದು ಚೀಟಿ ಇಡಿ: ಅರೆಯಬೇಡಿ, ಒತ್ತಬೇಡಿ, ಗಾಜಿನ ಸ್ಲೈಡ್ ಬೇಡ, 5ರಿಂದ 40 ಡಿಗ್ರಿ, ಖಾಲಿ ಹೋಲ್ಡರ್‌ನ ಸ್ಕ್ಯಾನ್ ಕೂಡ ಬೇಕು, ನುಣುಪು ಮಾಡದ ಮೂಲ ಅಂಕಿಗಳ ಫೈಲ್ ಕೊಡಿ. ಸಾಧ್ಯವಾದರೆ ಜೊತೆಗೇ ಹೋಗಿ ನಿಂತುಕೊಳ್ಳಿ.

ಲೆಕ್ಕ

ವಿಧಾನ ಬದಲಾದರೆ ಸಂಖ್ಯೆ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ 2010ರಲ್ಲಿ ಪಾರ್ಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾಡಿದ ಕೆಲಸ ನೋಡಬೇಕು. ಅವಿಸೆಲ್ ಅನ್ನುವ ಒಂದೇ ಸೆಲ್ಯುಲೋಸ್ ಪುಡಿಗೆ ಸೀಗಲ್ ಸೂತ್ರ ಸುಮಾರು 92 ಕೊಟ್ಟರೆ, ಪೀಕ್‌ಗಳನ್ನು ಬಿಡಿಸಿ ವಿಸ್ತೀರ್ಣ ಲೆಕ್ಕ ಹಾಕಿದಾಗ 60ರ ಹತ್ತಿರ ಬಂತು. ಘನ ಸ್ಥಿತಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಳೆಯುವ ಬೇರೆ ವಿಧಾನ) ಇನ್ನೂ ಸ್ವಲ್ಪ ಕೆಳಗೆ. ಹಾಗಾಗಿ ಒಂದು ವರದಿಯ ಸೀಗಲ್ ಸಂಖ್ಯೆಯನ್ನು ಇನ್ನೊಂದರ ವಿಸ್ತೀರ್ಣದ ಸಂಖ್ಯೆಗೆ ಹೋಲಿಸುವುದಂತೂ ಬೇಡವೇ ಬೇಡ. ಸೀಗಲ್ ಹಾಕುವುದಾದರೆ ಬ್ಯಾಕ್‌ಗ್ರೌಂಡ್ (ಪೀಕ್‌ಗಳ ಅಡಿಯಲ್ಲಿರುವ ಹಿನ್ನೆಲೆ) ಕಳೆದಿರೋ ಇಲ್ಲವೋ ಹೇಳಿ. 5ರಿಂದ 40ಕ್ಕೆ ಸುಮ್ನೆ ಒಂದು ನೇರ ಗೆರೆ ಎಳೆದು ಕಳೆದರೂ ಸಂಖ್ಯೆ ಮೇಲೆ ಹೋಗುತ್ತದೆ.

ಇನ್ನೊಂದು, ಮರದ ಕ್ರಿಸ್ಟಲಿನಿಟಿ ಬೇರೆ, ಸೆಲ್ಯುಲೋಸ್‌ನ ಕ್ರಿಸ್ಟಲಿನಿಟಿ ಬೇರೆ. ಅಮಾರ್ಫಸ್ ಭಾಗವನ್ನು ಬಿಡಿಸಿ ನೋಡಿದಾಗ ಇಡೀ ಮರದಲ್ಲಿ 25 ಪರ್ಸೆಂಟ್ ಹರಳು ಅಂತ ಬಂತು, ಸೆಲ್ಯುಲೋಸ್ 45 ಪರ್ಸೆಂಟ್ ಇದೆ ಅಂದರೆ, ಸೆಲ್ಯುಲೋಸ್‌ನೊಳಗಿನ ಹರಳಿನ ಪಾಲು 25 ಭಾಗಿಸು 45, ಸುಮಾರು 56. ಇದಕ್ಕೆ ರಾಸಾಯನಿಕ ವಿಶ್ಲೇಷಣೆಯ ಸಂಖ್ಯೆ ಬೇಕು. ಅದಿಲ್ಲದೆ "ಸೆಲ್ಯುಲೋಸ್ ಕ್ರಿಸ್ಟಲಿನಿಟಿ" ಅಂತ ಶೀರ್ಷಿಕೆ ಹಾಕುವುದು ಸರಿಯಲ್ಲ. ಹರಳಿನ ಅಗಲ ಬೇಕಾದರೆ ಪೀಕ್‌ನ ಅಗಲದಿಂದ ಅದನ್ನು ಲೆಕ್ಕ ಹಾಕುವ ಶೆರರ್ ಸೂತ್ರ ಇದೆ. 200ರ ಅರ್ಧ ಎತ್ತರದ ಅಗಲ 2.7 ಡಿಗ್ರಿ ಬಂದರೆ, ಸ್ಥಿರಾಂಕ 0.9 ಇಟ್ಟು, 3 ನ್ಯಾನೋಮೀಟರ್ ಬರುತ್ತದೆ. ಈ ಅಗಲ ದಿಕ್ಕಿಗೆ ಅಷ್ಟು ಬೇಗ ಅಲ್ಲಾಡುವುದಿಲ್ಲ, ಹಾಗಾಗಿ ಇದನ್ನೂ ಜೊತೆಗೆ ಕೊಡಿ.

ದಿಕ್ಕೇ ಬೇಕಾದಾಗ

ದಿಕ್ಕು ಯಾವಾಗಲೂ ತೊಂದರೆ ಅಲ್ಲ. ಮೈಕ್ರೋಫೈಬ್ರಿಲ್ ಕೋನವೇ ಬೇಕಾದರೆ ಪುಡಿ ಮಾಡಿದ ಕೂಡಲೇ ಆ ಮಾಹಿತಿ ಹೋಯಿತು. ಆಗ 1ರಿಂದ 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ನಾರು ನೆಟ್ಟಗೆ ನಿಲ್ಲುವಂತೆ ಇಟ್ಟು, ಕಿರಣವನ್ನು ಅದರ ಮೂಲಕ ಹಾಯಿಸಿ, ಹಿಂದೆ ಎರಡು ಆಯಾಮದ ಡಿಟೆಕ್ಟರ್ ಇಟ್ಟು ನೋಡಬೇಕು. 200 ಒಂದು ಪೂರ್ಣ ಉಂಗುರವಾಗಿ ಬರದೆ ಎರಡು ಬದಿ ಕಮಾನಾಗಿ ಬರುತ್ತದೆ. ಕಮಾನು ಎಷ್ಟು ಹರಡಿದೆ ಅನ್ನುವುದರಿಂದ ಕೋನ ತೆಗೆಯುವ ದಾರಿಯನ್ನು ಕೇವ್ 1966ರಲ್ಲೇ ತೋರಿಸಿಕೊಟ್ಟರು. ಆ ಇಡೀ ಉಂಗುರದ ಸುತ್ತ ಕೂಡಿಸಿದರೆ ಕ್ರಿಸ್ಟಲಿನಿಟಿಯ ಲೆಕ್ಕವೂ ತುಂಡಿನ ಒಂದು ಗೆರೆಯ ಸ್ಕ್ಯಾನ್‌ಗಿಂತ ಎಷ್ಟೋ ನಂಬಿಕೆಗೆ ಅರ್ಹ.

ಎಕ್ಸ್‌ಆರ್‌ಡಿ ಬದಲು ರಾಮನ್‌ನಲ್ಲಿ (ಲೇಸರ್ ಬೆಳಕಿನ ಚದುರುವಿಕೆ ನೋಡುವ ವಿಧಾನ) 380 ಮತ್ತು 1096ರ ಪಟ್ಟಿಗಳ ಅನುಪಾತ, ಎಫ್‌ಟಿಐಆರ್‌ನಲ್ಲಿ (ಇನ್‌ಫ್ರಾರೆಡ್ ಹೀರಿಕೆ ನೋಡುವ ವಿಧಾನ) 1430 ಮತ್ತು 893ರ ಅನುಪಾತ ಬಳಸುವವರಿಗೂ ಈ ಕಥೆ ತಪ್ಪುವುದಿಲ್ಲ. ಲೇಸರ್ ಧ್ರುವೀಕೃತ ಬೆಳಕು, 1096 ಪಟ್ಟಿ ಸರಪಳಿಯ ದಿಕ್ಕಿಗೆ ಜೋರಾಗಿ ಸ್ಪಂದಿಸುತ್ತದೆ. ತುಂಡನ್ನು 90 ಡಿಗ್ರಿ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಎಫ್‌ಟಿಐಆರ್‌ಗಾಗಿ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಪೆಲೆಟ್‌ಗೆ ಅರೆಯುವುದೂ ಅರೆಯುವುದೇ.

ಕೊನೆಗೆ, ಒಂದೇ ಡಬ್ಬಿಯ ಪುಡಿಯನ್ನು ಹೋಲ್ಡರ್‌ನಿಂದ ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿ, ಮೂರು ಸಲವಾದರೂ ಅಳೆಯಿರಿ. ತೆಗೆಯದೆ ಮೂರು ಸಲ ಸ್ಕ್ಯಾನ್ ಮಾಡಿದರೆ ಯಂತ್ರ ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ನಿಮ್ಮ ಸ್ಯಾಂಪಲ್ ತುಂಬುವಿಕೆ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಆ ಮೂರು ಸಂಖ್ಯೆಗಳು ಎಷ್ಟು ಆಚೀಚೆ ಆಗುತ್ತವೋ ಅದನ್ನು ಬರೆದುಕೊಳ್ಳಿ. ಸಾಗುವಾನಿಗೂ ನೀಲಗಿರಿಗೂ ನಡುವೆ ಕಂಡ ವ್ಯತ್ಯಾಸ ಅದಕ್ಕಿಂತ ಚಿಕ್ಕದಾಗಿದ್ದರೆ, ವರದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತಲೇ ಬರೆಯಿರಿ.